ಡೀಪ್ ಪರ್ಪಲ್ ಅಂದ್ರೆ ಒಂದು ರಿಫ್ ಮಾತ್ರ ಅಲ್ಲ: ಜಾನ್ ಲಾರ್ಡ್ ಆರ್ಗನ್ ಕಡೆಯಿಂದ ಕೇಳೋಣ ಬನ್ನಿ

ಆರ್ಗನ್‌ಪ್ರಿಯ (ಮೂಲ ಬರಹ)

ಡೀಪ್ ಪರ್ಪಲ್ ಅನ್ನುವ ಇಂಗ್ಲೆಂಡಿನ ರಾಕ್ ಬ್ಯಾಂಡ್ ಬಗ್ಗೆ ನಮ್ಮಲ್ಲಿ ಮಾತು ಶುರುವಾದರೆ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಹತ್ತಿರ ಶುರುವಾಗಿ ಅಲ್ಲೇ ಮುಗಿಯುತ್ತದೆ. ಬ್ಲ್ಯಾಕ್‌ಮೋರ್ ನನಗೂ ತುಂಬಾ ಇಷ್ಟ. ಆದರೆ ಈ ಬ್ಯಾಂಡ್ ಹಾರ್ಡ್ ರಾಕ್‌ಗೆ ಕೊಟ್ಟ ದೊಡ್ಡ ಕೊಡುಗೆ ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ (ಕರೆಂಟಿನಲ್ಲಿ ನಡೆಯುವ ಕೀಬೋರ್ಡ್ ವಾದ್ಯ) ಅಂತ ನಾನು ನಂಬಿದ್ದೇನೆ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಒಪ್ಪದಿದ್ದವರು ಧಾರಾಳವಾಗಿ ಜಗಳ ಆಡಿ.

1968ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ನಲ್ಲಿ ಬ್ಯಾಂಡ್ ಶುರುವಾದಾಗ ಇದು ಹಾರ್ಡ್ ರಾಕ್ ಬ್ಯಾಂಡ್ ಆಗಿರಲಿಲ್ಲ. ಲಾರ್ಡ್, ಬ್ಲ್ಯಾಕ್‌ಮೋರ್, ಡ್ರಮ್ಸ್‌ಗೆ ಇಯಾನ್ ಪೇಸ್, ಹಾಡೋಕೆ ರಾಡ್ ಇವಾನ್ಸ್, ಬೇಸ್‌ಗೆ ನಿಕ್ ಸಿಂಪರ್. ಮೊದಲ ಹಿಟ್ 'ಹಶ್' ಬೇರೆಯವರ ಹಾಡು, ಜೋ ಸೌತ್ ಬರೆದದ್ದು. ಅಮೆರಿಕದಲ್ಲಿ 4ನೇ ಸ್ಥಾನಕ್ಕೆ ಏರಿತು. ಆ ಹಾಡನ್ನು ಈಗ ಕೇಳಿದರೂ ಮುಂದೆ ನಿಂತಿರುವುದು ಆರ್ಗನ್ನೇ, ಗಿಟಾರ್ ಅಲ್ಲ.

1969ರಲ್ಲಿ ಎಪಿಸೋಡ್ ಸಿಕ್ಸ್ ಬ್ಯಾಂಡ್‌ನಿಂದ ಇಯಾನ್ ಗಿಲನ್ ಮತ್ತು ರೋಜರ್ ಗ್ಲೋವರ್ ಬಂದರು. ಅಭಿಮಾನಿಗಳು 'ಮಾರ್ಕ್ ಟೂ', ಅಂದರೆ ಎರಡನೇ ತಂಡ, ಅಂತ ಕರೆಯುವುದು ಇದನ್ನೇ. ಅದೇ ವರ್ಷ ಸೆಪ್ಟೆಂಬರ್ 24ಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮಾನಿಕ್ ಆರ್ಕೆಸ್ಟ್ರಾ ಜೊತೆ ಕಾರ್ಯಕ್ರಮ ಕೊಟ್ಟರು. ಸ್ವರಪ್ರಸ್ತಾರವೆಲ್ಲ ಲಾರ್ಡ್ ಬರೆದದ್ದು, ನಿರ್ದೇಶಿಸಿದ್ದು ಮಾಲ್ಕಮ್ ಆರ್ನಾಲ್ಡ್. ಬ್ಲ್ಯಾಕ್‌ಮೋರ್‌ಗೆ ಆ ದಾರಿ ಹಿಡಿಸಲಿಲ್ಲ. ಮುಂದಿನ ಆಲ್ಬಂ ಪೂರ್ತಿ ಜೋರಾಗಿ ಇರಬೇಕು ಅಂತ ಹಟ ಹಿಡಿದರು. ಅದೇ 1970ರ 'ಇನ್ ರಾಕ್'.

ಇಲ್ಲಿ ಲಾರ್ಡ್ ಮುನಿಸಿಕೊಂಡು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಹ್ಯಾಮಂಡ್ ಆರ್ಗನ್‌ಗೆ ಸಾಮಾನ್ಯವಾಗಿ ಜೋಡಿಸುವುದು ಲೆಸ್ಲಿ ಅನ್ನುವ ಸ್ಪೀಕರ್ ಡಬ್ಬ. ಅದರೊಳಗೆ ಹಾರ್ನ್ ತಿರುಗುತ್ತಾ ಸದ್ದಿಗೆ ಒಂದು ಮೆತ್ತನೆಯ ಅಲೆ ಕೊಡುತ್ತದೆ. ಚರ್ಚ್, ಜಾಝ್, ಬ್ಲೂಸ್ ಎಲ್ಲದರಲ್ಲೂ ಕೇಳುವುದು ಆ ಸದ್ದು. ಲಾರ್ಡ್ ತಮ್ಮ ಆರ್ಗನ್ನನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರ್‌ಗೆ ಜೋಡಿಸಿದರು. ಆರ್ಗನ್ ಸದ್ದು ಒಡೆಯತೊಡಗಿತು, ಗೊಗ್ಗರು ಬಂತು. ಕೆಳಗಿನ ಸ್ವರಗಳಲ್ಲಿ ಅದು ಇನ್ನೊಂದು ಗಿಟಾರ್ ಥರ ಗುರ್ರ್ ಅನ್ನುತ್ತದೆ. ಅದಕ್ಕೇ ಪರ್ಪಲ್‌ಗೆ ರಿದಮ್ ಗಿಟಾರ್ ನುಡಿಸುವ ಇನ್ನೊಬ್ಬರು ಬೇಕಾಗಲೇ ಇಲ್ಲ. ಬ್ಲ್ಯಾಕ್‌ಮೋರ್ ಸೋಲೋಗೆ (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ಹೋದಾಗ ಕೆಳಗೆ ನೆಲ ಖಾಲಿ ಅನಿಸುವುದಿಲ್ಲ, ಗಮನಿಸಿ. ಅಲ್ಲಿ ಲಾರ್ಡ್ ಇದ್ದಾರೆ.

ಮೊದಲ ಸಲ ಕೇಳುವವರು 'ಸ್ಪೀಡ್ ಕಿಂಗ್' ಹಾಕಿ. ನಡುವೆ ಗಿಟಾರ್ ಒಂದು ಸಾಲು ಹೇಳುತ್ತದೆ, ಆರ್ಗನ್ ಉತ್ತರ ಕೊಡುತ್ತದೆ. ಆಮೇಲೆ ಸವಾಲ್ ಜವಾಬ್ ಬಿಸಿ ಏರುತ್ತಾ ಹೋಗುತ್ತದೆ. ಯಾರು ಯಾವುದು ಅಂತ ಒಂದೆರಡು ಕಡೆ ಗುರುತು ಹಿಡಿಯೋದೇ ಕಷ್ಟ.

---

ಬರ್ಮಿಂಗ್‌ಹ್ಯಾಮ್ ಕಡೆಯವನು

ಬರಹ ಚೆನ್ನಾಗಿದೆ. ಆದರೆ 'ಹಾರ್ಡ್ ರಾಕ್‌ಗೆ ದೊಡ್ಡ ಕೊಡುಗೆ' ಅಂತ ಹೇಳುವಾಗ ಹುಷಾರು, ಶುರು ಮಾಡಿದವರೇ ಇವರು ಅಂತ ಯಾರಾದರೂ ಅಂದುಕೊಂಡಾರು. ಲೆಡ್ ಝೆಪ್ಲಿನ್ ಮೊದಲ ಎರಡು ಆಲ್ಬಂ 1969ರಲ್ಲೇ ಬಂದಾಗಿತ್ತು. ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಂ 1970ರ ಫೆಬ್ರವರಿ. 'ಇನ್ ರಾಕ್' ಬಂದದ್ದು ಜೂನ್‌ನಲ್ಲಿ. ಪರ್ಪಲ್ ಮೂರನೆಯವರು. ಸಬ್ಬತ್‌ನ ಟೋನಿ ಅಯೋಮಿ ಗಿಟಾರ್ ಇಲ್ಲದಿದ್ದರೆ ಹೆವಿ ಮೆಟಲ್ ಅನ್ನೋದೇ ಇರುತ್ತಿರಲಿಲ್ಲ.

---

ಆರ್ಗನ್‌ಪ್ರಿಯ

ತಾರೀಖು ನೀವು ಹೇಳಿದ್ದೇ ಸರಿ. ನಾನು ಓಟದ ಲೆಕ್ಕ ಹಾಕುತ್ತಿಲ್ಲ. ಮೂವರೂ ಮೂರು ಬೇರೆ ದಾರಿ ತೆರೆದರು. ಝೆಪ್ಲಿನ್ ಬ್ಲೂಸ್ ಮತ್ತು ಜಾನಪದದಿಂದ ಬಂದರು. ಸಬ್ಬತ್ ಭಾರ ತಂದರು, ಕತ್ತಲು ತಂದರು. ಪರ್ಪಲ್ ತಂದದ್ದು ವೇಗ, ಜೊತೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಟ್ಟು.

ಪರ್ಪಲ್‌ನ 'ಹೈವೇ ಸ್ಟಾರ್' ತೆಗೆದುಕೊಳ್ಳಿ. 1971ರಲ್ಲಿ ಪೋರ್ಟ್ಸ್‌ಮತ್‌ಗೆ ಹೋಗುವ ಬಸ್ಸಿನಲ್ಲಿ ಹುಟ್ಟಿದ ಹಾಡು. ನೀವು ಹಾಡು ಹೇಗೆ ಕಟ್ಟುತ್ತೀರಿ ಅಂತ ಪತ್ರಕರ್ತರೊಬ್ಬರು ಕೇಳಿದರು. ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡು ಒಂದೇ ಸ್ವರ ಬಾರಿಸತೊಡಗಿದರು, ಗಿಲನ್ ಅದರ ಮೇಲೆ ಬಾಯಿಗೆ ಬಂದ ಮಾತು ಹಾಡಿದರು. ಅವತ್ತು ರಾತ್ರಿಯೇ ವೇದಿಕೆ ಮೇಲೆ ನುಡಿಸಿಬಿಟ್ಟರು. ಇಂಥ ಅವಸರದ ಹಾಡಿನ ಗಿಟಾರ್ ಸೋಲೋ ಕೆಳಗಿರುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಂಪು) ಸರಣಿ ಮಾತ್ರ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್ ಶೈಲಿಯದು. ಬ್ಲ್ಯಾಕ್‌ಮೋರ್ ಅವರೇ ಅದನ್ನು ಹೇಳಿದ್ದಾರೆ. ಆ ಹಾಡಿನಲ್ಲಿ ಮೊದಲು ಬರುವ ಸೋಲೋ ಲಾರ್ಡ್ ಅವರದು. ಗಿಟಾರ್ ಸೋಲೋ ಆಮೇಲೆ. ಈ ಎರಡನ್ನೂ ಬೆನ್ನು ಬೆನ್ನಿಗೆ ಕೇಳಿದರೆ ಇಬ್ಬರೂ ಒಂದೇ ಶಾಲೆಯವರು ಅಂತ ಗೊತ್ತಾಗುತ್ತದೆ.

ಮುಂದೆ ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್ 80ರ ದಶಕದಲ್ಲಿ ಕಟ್ಟಿದ್ದು ಇದೇ ಸೋಲೋ ಮೇಲೆ. ಬ್ಲ್ಯಾಕ್‌ಮೋರ್ ಥರಾನೇ ಸ್ಟ್ರಾಟೊಕ್ಯಾಸ್ಟರ್, ಫ್ರೆಟ್‌ಗಳ ನಡುವೆ ಮರ ಕೆತ್ತಿ ಹಳ್ಳ ಮಾಡಿಸಿದ ಗಿಟಾರ್.

---

ವೀಣೆ ಕಲಿತವಳು

ನನಗೆ ರಾಕ್ ಅಷ್ಟು ಗೊತ್ತಿಲ್ಲ, ತಮ್ಮನ ಕಾಟದಿಂದ ಕೇಳಿದ್ದು. ಆದರೆ ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್' ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಆ ಚಿಕ್ಕ ಸ್ವರಸಾಲು) ವೀಣೆ ಮೇಲೆ ನುಡಿಸಿ ನೋಡಿದ್ದೇನೆ. ಜಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಮೊದಲ ಸಾಲು ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಎರಡನೇ ಸಾಲಿನಲ್ಲಿ ಸ, ಗ ಆದ ಮೇಲೆ ಪ್ರತಿ ಮಧ್ಯಮ ಮುಟ್ಟಿ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಮೂರನೆಯದು ಮತ್ತೆ ಸ ಗ ಮ, ವಾಪಸ್ ಗ ಸ. ಅಷ್ಟೇ. ಇಡೀ ರಿಫ್‌ನ ಮಜಾ ಇರುವುದು ಎರಡು ಮಧ್ಯಮ ಅಕ್ಕಪಕ್ಕ ಬರುವ ಆ ಒಂದು ಜಾಗದಲ್ಲಿ. ಪ್ರತಿ ಮಧ್ಯಮ ತೆಗೆದು ನುಡಿಸಿ ನೋಡಿ, ಸಪ್ಪೆ ಆಗುತ್ತದೆ.

ಇನ್ನೊಂದು ವಿಷಯ ಕೇಳಬೇಕಿತ್ತು. ರೆಕಾರ್ಡಿಂಗ್‌ನಲ್ಲಿ ಆ ರಿಫ್ ನನ್ನ ವೀಣೆಗಿಂತ ಯಾಕೆ ಅಷ್ಟು ದಪ್ಪ ಕೇಳುತ್ತದೆ? ಬರೀ ಆಂಪ್ಲಿಫೈಯರ್ ಕಾರಣಾನಾ?

---

ಆರ್ಗನ್‌ಪ್ರಿಯ

ಅಕ್ಕಾ, ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ಥ್ಯಾಂಕ್ಸ್.

ದಪ್ಪಕ್ಕೆ ಕಾರಣ ಎರಡು. ಒಂದು, ಬ್ಲ್ಯಾಕ್‌ಮೋರ್ ಪ್ರತಿ ಸ್ವರದ ಜೊತೆ ಅದರ ಕೆಳಗಿನ ಇನ್ನೊಂದು ಸ್ವರವನ್ನೂ ಸೇರಿಸಿ ನುಡಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಷಡ್ಜದ ಜೊತೆ ಕೆಳಗಿನ ಪಂಚಮ, ಗಾಂಧಾರದ ಜೊತೆ ಕೈಶಿಕಿ ನಿಷಾದ, ಶುದ್ಧ ಮಧ್ಯಮದ ಜೊತೆ ಷಡ್ಜ. ಎರಡು ತಂತಿಯನ್ನೂ ಬೆರಳಲ್ಲೇ ಒಟ್ಟಿಗೆ ಮೀಟುತ್ತಾರೆ, ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸುವುದಿಲ್ಲ. ಪ್ಲೆಕ್ಟ್ರಮ್‌ನಲ್ಲಿ ಬಾರಿಸಿದರೆ ತಂತಿಗಳು ಒಂದರ ಹಿಂದೆ ಒಂದು ಬರುತ್ತವೆ, ಕಲಿಯುವವರು ನುಡಿಸುವಾಗ ಅಸಲಿ ಥರ ಕೇಳದೇ ಇರುವುದಕ್ಕೆ ಅದೇ ಕಾರಣ. ಎರಡು, ಗಿಟಾರ್ ಒಂಟಿಯಾಗಿ ಶುರುವಾದ ಸ್ವಲ್ಪ ಹೊತ್ತಿಗೆ ಡ್ರಮ್ಸ್‌ನ ಹೈ-ಹ್ಯಾಟ್ ತಾಳ ಸೇರುತ್ತದೆ, ಲಾರ್ಡ್ ಆರ್ಗನ್ನಿನಲ್ಲಿ ಅದೇ ರಿಫ್ ಹಿಡಿಯುತ್ತಾರೆ. ಮಾರ್ಷಲ್ ಮೂಲಕ ಬರುವುದರಿಂದ ಅದು ಆರ್ಗನ್ ಅಂತ ತುಂಬಾ ಜನಕ್ಕೆ ಗೊತ್ತೇ ಆಗುವುದಿಲ್ಲ. ನೀವು ದಪ್ಪ ಗಿಟಾರ್ ಅಂತ ಕೇಳುತ್ತಿರುವುದರಲ್ಲಿ ಅರ್ಧ ಆರ್ಗನ್.

---

ಪಿಯುಸಿ ಗಿಟಾರಿಸ್ಟ್

ಸರ್, ಆ ಹಾಡಿನ ಕತೆ ನಿಜವಾಗ್ಲೂ ನಡೆದದ್ದಾ? ಯಾವುದೋ ಕಟ್ಟಡಕ್ಕೆ ಬೆಂಕಿ ಬಿತ್ತು ಅಂತ ಕೇಳಿದ್ದೆ.

---

ಹಳೇ ಕ್ಯಾಸೆಟ್

ಇದನ್ನು ನಾನು ಹೇಳುತ್ತೇನೆ, ನನ್ನ ಇಷ್ಟದ ಕತೆ.

1971ರ ಡಿಸೆಂಬರ್. ಸ್ವಿಟ್ಜರ್ಲೆಂಡ್‌ನ ಮಾಂಟ್ರೂ ಊರು, ಜಿನೀವಾ ಸರೋವರದ ದಡ. ಅಲ್ಲಿನ ಕ್ಯಾಸಿನೋದಲ್ಲಿ ಹೊಸ ಆಲ್ಬಂ ರೆಕಾರ್ಡ್ ಮಾಡೋಣ ಅಂತ ಪರ್ಪಲ್ ಬಂದಿದ್ದರು. ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ನ ಲಾರಿಯೊಳಗಿನ ಸ್ಟುಡಿಯೊ ಬಾಡಿಗೆಗೆ ತಂದಿದ್ದರು. ಡಿಸೆಂಬರ್ 4ಕ್ಕೆ ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಾಪಾ ಕಾರ್ಯಕ್ರಮ. ಅದು ಮುಗಿದ ಮೇಲೆ ಜಾಗ ಇವರದು. ಕಾರ್ಯಕ್ರಮದ ನಡುವೆ ಜನರಲ್ಲಿ ಯಾರೋ ಒಬ್ಬ ಫ್ಲೇರ್ ಗನ್‌ನಿಂದ ಚಾವಣಿಗೆ ಹೊಡೆದ. ಇಡೀ ಕ್ಯಾಸಿನೋ ಸುಟ್ಟು ಹೋಯಿತು. ಜೀವ ಹೋಗಲಿಲ್ಲ, ಅದೇ ಪುಣ್ಯ. ಮಾಂಟ್ರೂ ಜಾಝ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್ ಒಳಗಿದ್ದ ಹುಡುಗರನ್ನು ಹೊರಗೆ ಕರೆತಂದರು. ಹಾಡಿನಲ್ಲಿ ಬರುವ ಕ್ಲೋಡ್ ಅವರೇ.

ಬ್ಯಾಂಡ್‌ನವರು ಹೋಟೆಲಿನಿಂದ ಹೊಗೆ ಸರೋವರದ ಮೇಲೆ ಹರಡುವುದನ್ನು ನೋಡಿದರು. ಕೆಲವು ದಿನದ ಮೇಲೆ ಗ್ಲೋವರ್ ನಿದ್ದೆಯಿಂದ ಎಚ್ಚರವಾಗುವಾಗ ಹಾಡಿನ ಹೆಸರು ಬಾಯಿಗೆ ಬಂತಂತೆ.

ಜಾಗ ಕಳೆದುಕೊಂಡ ಮೇಲೆ ನಾಬ್ಸ್ ಪೆವಿಲಿಯನ್ ಅನ್ನುವ ಥಿಯೇಟರ್ ಕೊಡಿಸಿದರು. ರಾತ್ರಿ ಹೊತ್ತು ಶುರು ಹಚ್ಚಿಕೊಂಡರು. ಅಕ್ಕಪಕ್ಕದವರು ದೂರು ಕೊಟ್ಟರು, ಪೊಲೀಸರು ಬಂದು ಬಾಗಿಲು ಬಡಿದರು. ಒಳಗೆ ಸಹಾಯಕರು ಬಾಗಿಲು ಒತ್ತಿ ಹಿಡಿದು ನಿಂತರು, ಟೇಕ್ ಮುಗಿಯುವ ತನಕ ತೆಗೆಯಲಿಲ್ಲ. ಆ ಟೇಕೇ ಇವತ್ತು ನಾವು ಕೇಳುವ 'ಸ್ಮೋಕ್'ನ ವಾದ್ಯಭಾಗ. ಆಮೇಲೆ ಅವರು ಹೋದದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲ್‌ಗೆ. ಪಡಸಾಲೆಯಲ್ಲಿ ಹಾಸಿಗೆಗಳನ್ನು ನಿಲ್ಲಿಸಿ ಸದ್ದು ತಡೆದರು. ಲಾರಿಗೆ ಹೋಗಿ ರೆಕಾರ್ಡ್ ಆದದ್ದು ಕೇಳಬೇಕಾದರೆ ಕೋಣೆಗಳನ್ನು, ಬಾಲ್ಕನಿಗಳನ್ನು ದಾಟಿ ಹೋಗಬೇಕಿತ್ತು. ಆ ಚಳಿಯಲ್ಲಿ ಯಾರಿಗೆ ಬೇಕು? ಕೇಳುವುದನ್ನೇ ಬಿಟ್ಟು ಸುಮ್ನೆ ನುಡಿಸುತ್ತಾ ಹೋದರು. 'ಮಷೀನ್ ಹೆಡ್' ಆಲ್ಬಂ ಅಷ್ಟು ಜೀವಂತ ಅನಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಮುಖ್ಯ ಮಾತು ಮರೆತೆ. ಆಲ್ಬಂ 1972ರ ಮಾರ್ಚ್‌ನಲ್ಲಿ ಬಂದಾಗ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಿಟ್ಟದ್ದು 'ನೆವರ್ ಬಿಫೋರ್' ಅನ್ನುವ ಹಾಡು. 'ಸ್ಮೋಕ್' ಅಮೆರಿಕದಲ್ಲಿ ಸಿಂಗಲ್ ಆದದ್ದು 1973ರಲ್ಲಿ, 4ನೇ ಸ್ಥಾನ ಮುಟ್ಟಿತು.

---

ದಾವಣಗೆರೆ ಡ್ರಮ್ಮರ್

ಎಲ್ಲರೂ ಗಿಟಾರ್, ಆರ್ಗನ್ ಅಂತೀರಿ. ಇಯಾನ್ ಪೇಸ್ ಹೆಸರು ಬರೀ ಪಟ್ಟಿಯಲ್ಲಿ ಬಂದು ಹೋಯ್ತಲ್ರಿ! 1968ರಿಂದ ಇವತ್ತಿನ ತನಕ ಈ ಬ್ಯಾಂಡ್‌ನ ಪ್ರತಿಯೊಂದು ತಂಡದಲ್ಲೂ ಇರುವವರು ಅವರೊಬ್ಬರೇ. ಎಡಗೈಯವರು. ಜೋರಾಗಿ ಬಾರಿಸುವ ಕಾಲದಲ್ಲಿ ಅವರದು ಜಾಝ್ ಕೈ. ಅದಕ್ಕೇ ಪರ್ಪಲ್ ಹಾಡುಗಳು ಭಾರ ಇದ್ದರೂ ಓಡುತ್ತವೆ, ಎಳೆದಾಡೋದಿಲ್ಲ. 'ಮೇಡ್ ಇನ್ ಜಪಾನ್'ನಲ್ಲಿ 'ದ ಮ್ಯೂಲ್' ಕೇಳಿ. ಹಾಡಿನ ಬಹುಭಾಗ ಅವರ ತನಿ. ಒಂದೇ ಕೈಯಲ್ಲಿ ಉರುಳಿಸುವ ಜಾಗ ಬರುತ್ತದೆ, ಅದನ್ನು ಕಲಿಯೋಕೆ ಹೋಗಿ ನನ್ನ ಮಣಿಕಟ್ಟು ನೋವು ಬಂದಿತ್ತು.

---

ಆರ್ಗನ್‌ಪ್ರಿಯ

ಅಣ್ಣಾ, ಪೂರ್ತಿ ಒಪ್ಪಿದೆ. 'ಮೇಡ್ ಇನ್ ಜಪಾನ್' ಬಗ್ಗೆ ಬರೆಯಬೇಕು ಅಂತಲೇ ಇದ್ದೆ.

1972ರ ಆಗಸ್ಟ್ 15 ಮತ್ತು 16 ಒಸಾಕಾದಲ್ಲಿ, 17 ಟೋಕಿಯೋದ ಬುಡೋಕಾನ್‌ನಲ್ಲಿ ನಡೆದ ಕಾರ್ಯಕ್ರಮಗಳ ಧ್ವನಿಮುದ್ರಣ. ಬ್ಯಾಂಡ್‌ಗೆ ಲೈವ್ ಆಲ್ಬಂ ಮಾಡುವ ಮನಸ್ಸೇ ಇರಲಿಲ್ಲ. ಜಪಾನ್ ಕಂಪನಿ ಕೇಳಿತು ಅಂತ, ಅಲ್ಲಿಗೆ ಮಾತ್ರ ಅಂದುಕೊಂಡು ಒಪ್ಪಿದರು. ಮಿಕ್ಸಿಂಗ್‌ಗೆ ಬಂದದ್ದು ಗ್ಲೋವರ್ ಮತ್ತು ಪೇಸ್ ಇಬ್ಬರೇ. ಎರಡು ತಟ್ಟೆಯ ರೆಕಾರ್ಡ್, ಇರುವುದು ಏಳೇ ಹಾಡು. 'ಸ್ಪೇಸ್ ಟ್ರಕಿನ್' ಒಂದೇ ಹತ್ತಿರ ಹತ್ತಿರ 20 ನಿಮಿಷ. ಆಮೇಲೆ ಸ್ಟುಡಿಯೊದಲ್ಲಿ ತೇಪೆ ಹಾಕಿಲ್ಲ, ನುಡಿಸಿದ್ದು ನುಡಿಸಿದ ಹಾಗೇ ಇದೆ. 'ಲೇಜಿ' ಶುರುವಿನಲ್ಲಿ ಲಾರ್ಡ್ ಆರ್ಗನ್ನಿನಿಂದ ತೆಗೆಯುವ ಸದ್ದುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಮೊದಲು ಯಂತ್ರ ನರಳಿದ ಹಾಗೆ, ಆಮೇಲೆ ನಿಧಾನಕ್ಕೆ ಅದರೊಳಗಿಂದ ಬ್ಲೂಸ್ ಎದ್ದು ಬರುತ್ತದೆ. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಲ್ಲಿ ಗಿಲನ್ ಗಂಟಲಿಗೂ ಗಿಟಾರ್‌ಗೂ ಪೈಪೋಟಿ.

ಅದನ್ನು ರೆಕಾರ್ಡ್ ಮಾಡಿದ ಎಂಜಿನಿಯರ್ ಮಾರ್ಟಿನ್ ಬರ್ಚ್. ಇದೇ ಬರ್ಚ್ 1981ರ 'ಕಿಲ್ಲರ್ಸ್'ನಿಂದ 1992ರ 'ಫಿಯರ್ ಆಫ್ ದ ಡಾರ್ಕ್' ತನಕ ಐರನ್ ಮೇಡನ್ ಅನ್ನುವ ಹೆವಿ ಮೆಟಲ್ ಬ್ಯಾಂಡ್‌ನ ಆಲ್ಬಂಗಳಿಗೆ ನಿರ್ಮಾಪಕರು. ಮೇಡನ್ ಹಾಡುಗಾರ ಬ್ರೂಸ್ ಡಿಕಿನ್ಸನ್ ಶಾಲೆಯಲ್ಲಿದ್ದಾಗ ಪರ್ಪಲ್‌ನ 'ಚೈಲ್ಡ್ ಇನ್ ಟೈಮ್' ಕೇಳಿ ರಾಕ್‌ಗೆ ಬಿದ್ದವರು. ಪ್ರಭಾವ ಅಂದರೆ ಬರೀ ರಿಫ್ ನಕಲು ಮಾಡುವುದಲ್ಲ. ರೆಕಾರ್ಡ್ ಮಾಡುವ ಕೈಯೇ ಮುಂದಿನ ತಲೆಮಾರಿಗೆ ದಾಟಿತು.

---

ಮಾರ್ಕ್ ತ್ರೀ ಪಕ್ಷ

1973ಕ್ಕೆ ಗಿಲನ್, ಗ್ಲೋವರ್ ಹೋದ ಮೇಲೆ ಏನೂ ಇಲ್ಲ ಅನ್ನುವ ಹಾಗೆ ಎಲ್ಲರೂ ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಹೊರಗಡೆ ಯಾರಿಗೂ ಗೊತ್ತಿಲ್ಲದ ಡೇವಿಡ್ ಕವರ್‌ಡೇಲ್‌ನನ್ನು ತಂದು ನಿಲ್ಲಿಸಿದರು. ಟ್ರಪೀಝ್ ಬ್ಯಾಂಡ್‌ನ ಗ್ಲೆನ್ ಹ್ಯೂಸ್ ಬೇಸ್ ನುಡಿಸುತ್ತಲೇ ಹಾಡಿದರು. ಒಂದೇ ಬ್ಯಾಂಡ್‌ನಲ್ಲಿ ಎರಡು ದೊಡ್ಡ ಗಂಟಲು. 1974ರ 'ಬರ್ನ್' ಹಾಡು ಕೇಳಿ. ಅದರಲ್ಲಿ ಲಾರ್ಡ್ ಸೋಲೋ 'ಹೈವೇ ಸ್ಟಾರ್'ಗಿಂತ ಏನೂ ಕಮ್ಮಿ ಇಲ್ಲ. ನಿಮ್ಮ ವಾದಕ್ಕೆ ಅದೇ ಒಳ್ಳೆಯ ಸಾಕ್ಷಿ, ನೀವೇ ಬಿಟ್ಟಿದ್ದೀರಿ!

ಅದೇ ವರ್ಷ ಏಪ್ರಿಲ್ 6ಕ್ಕೆ ಕ್ಯಾಲಿಫೋರ್ನಿಯಾ ಜ್ಯಾಮ್ ಅನ್ನುವ ರಾಕ್ ಉತ್ಸವ. ಬ್ಲ್ಯಾಕ್‌ಮೋರ್ ಗಿಟಾರಿನಿಂದ ಟಿವಿ ಕ್ಯಾಮೆರಾಕ್ಕೇ ಚುಚ್ಚಿದರು, ಆಂಪ್ಲಿಫೈಯರ್ ಸ್ಫೋಟಿಸಿದರು. ಜನ ಬೆಂಕಿಯನ್ನೇ ನೆನಪಿಟ್ಟುಕೊಂಡಿದ್ದಾರೆ. ಅದಕ್ಕೆ ಮುಂಚಿನ ಒಂದು ಗಂಟೆ ಸಂಗೀತ ನೋಡಿ.

---

ಆರ್ಗನ್‌ಪ್ರಿಯ

'ಬರ್ನ್' ನನಗೂ ಇಷ್ಟ, ಆ ಸೋಲೋ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ 'ಸ್ಟಾರ್ಮ್‌ಬ್ರಿಂಗರ್' ಬರುವ ಹೊತ್ತಿಗೆ ಫಂಕ್, ಸೋಲ್ ಕಡೆ ವಾಲಿದರು. ಬ್ಲ್ಯಾಕ್‌ಮೋರ್‌ಗೆ ಅದು ಆಗಲಿಲ್ಲ, 1975ರಲ್ಲಿ ಬಿಟ್ಟು ರೇನ್‌ಬೋ ಕಟ್ಟಿದರು. ಬದಲಿಗೆ ಬಂದ ಟಾಮಿ ಬೋಲಿನ್ ಒಳ್ಳೆಯ ಪ್ರತಿಭೆ, 'ಕಮ್ ಟೇಸ್ಟ್ ದ ಬ್ಯಾಂಡ್' ಈಗ ಕೇಳಿದರೆ ಆಗ ಬೈದದ್ದು ಅನ್ಯಾಯ ಅನಿಸುತ್ತದೆ. ಆದರೆ ಮಾದಕ ವಸ್ತು ಬ್ಯಾಂಡ್ ಒಳಗೆ ಹೊಕ್ಕಿತ್ತು. 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಕಾರ್ಯಕ್ರಮದ ನಂತರ ಎಲ್ಲ ಮುಗಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೋಲಿನ್ ತೀರಿಹೋದರು. ವಯಸ್ಸು 25.

ಒಡೆದ ಮೇಲೆ ಟಿಸಿಲು ಎಷ್ಟು ನೋಡಿ. ರೇನ್‌ಬೋ, ಅದರಿಂದ ಹಾಡುಗಾರ ರಾನಿ ಜೇಮ್ಸ್ ಡಿಯೋ ದೊಡ್ಡ ಹೆಸರಾದರು. ಕವರ್‌ಡೇಲ್ ವೈಟ್‌ಸ್ನೇಕ್ ಕಟ್ಟಿದರು, ಲಾರ್ಡ್ ಮತ್ತು ಪೇಸ್ ಅಲ್ಲಿಗೆ ಹೋದರು. ಗಿಲನ್ 1983ರಲ್ಲಿ ಬ್ಲ್ಯಾಕ್ ಸಬ್ಬತ್‌ಗೇ ಹೋಗಿ 'ಬಾರ್ನ್ ಅಗೇನ್' ಹಾಡಿದರು. ಬರ್ಮಿಂಗ್‌ಹ್ಯಾಮ್ ಕಡೆಯವರಿಗೆ ಇದು ಖುಷಿ ಕೊಡಬೇಕು.

---

ಬರ್ಮಿಂಗ್‌ಹ್ಯಾಮ್ ಕಡೆಯವನು

ಕೊಟ್ಟಿದೆ. ಆ ಆಲ್ಬಂ ನನ್ನ ಹತ್ತಿರ ಇದೆ. ಮಿಕ್ಸಿಂಗ್ ಮಂಕಾಗಿದೆ, ಗಿಲನ್ ಕೂಗು ಮಾತ್ರ ಮೈ ಜುಮ್ ಅನ್ನಿಸುತ್ತದೆ.

---

ಅರಮನೆ ಮೈದಾನದ ಹುಡುಗ

ನಮ್ಮ ಕಡೆಯ ಕೊಂಡಿ ಯಾರೂ ಹೇಳಲಿಲ್ಲ. ಪರ್ಪಲ್ 1995ರಲ್ಲಿ ಬಾಂಬೆಗೆ ಬಂದಿದ್ದರು. ಸ್ಟೀವ್ ಮೋರ್ಸ್ ಆಗಷ್ಟೇ ಗಿಟಾರ್‌ಗೆ ಸೇರಿದ್ದರು. 2001ರಲ್ಲಿ ಬೆಂಗಳೂರಿಗೂ ಬಂದರು. ಆಗ ಲಾರ್ಡ್ ಇನ್ನೂ ಬ್ಯಾಂಡ್‌ನಲ್ಲಿದ್ದರು, ಮರುವರ್ಷ ಬಿಟ್ಟರು. ನಾನು ಆಗ ಕಾಲೇಜು, ಹಿಂದುಗಡೆ ನಿಂತಿದ್ದೆ, ಮುಖ ಯಾರದ್ದೂ ಸರಿಯಾಗಿ ಕಾಣಲಿಲ್ಲ. ಆದರೆ ಆರ್ಗನ್ ಸದ್ದು ಎದೆಗೆ ಬಂದು ಬಡಿಯಿತು. ಮೂಲ ಬರಹದಲ್ಲಿ ಮಾರ್ಷಲ್ ವಿಷಯ ಓದಿದಾಗ, ಓ ಅವತ್ತು ಬಡಿದದ್ದು ಇದಾ ಅಂತ ಅರ್ಥವಾಯಿತು. ನನ್ನ ಅಕ್ಕಪಕ್ಕ ನಲವತ್ತು ದಾಟಿದವರು ತುಂಬಾ ಜನ ಇದ್ದರು, ಪ್ರತಿ ಹಾಡಿನ ಪದ ಗೊತ್ತಿತ್ತು ಅವರಿಗೆ.

ಆಮೇಲೆ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್ ಬಂದರು, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಮೆಟಾಲಿಕಾ ಡ್ರಮ್ಮರ್ ಲಾರ್ಸ್ ಉಲ್ರಿಕ್ ನೋಡಿದ ಮೊದಲ ರಾಕ್ ಕಾರ್ಯಕ್ರಮ ಯಾವುದು ಗೊತ್ತಾ? 1973ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೀಪ್ ಪರ್ಪಲ್. ವಯಸ್ಸು ಒಂಬತ್ತು.

---

ಆರ್ಗನ್‌ಪ್ರಿಯ

ಲಾರ್ಡ್ ನುಡಿಸಿದ್ದನ್ನು ಎದುರಿಗೆ ಕೇಳಿದವರು ನೀವು. ನನಗೆ ಹೊಟ್ಟೆಕಿಚ್ಚು ಅಂತ ನೇರವಾಗಿ ಹೇಳುತ್ತೇನೆ.

ಭಾರತದ ಕೊಂಡಿ ಇನ್ನೊಂದಿದೆ. 'ಚೈಲ್ಡ್ ಇನ್ ಟೈಮ್' ಶುರುವಿನ ಆ ಆರ್ಗನ್ ಎಳೆ ಪರ್ಪಲ್‌ನವರ ಸ್ವಂತದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಇಟ್ಸ್ ಎ ಬ್ಯೂಟಿಫುಲ್ ಡೇ ಬ್ಯಾಂಡ್‌ನ 1969ರ ವಾದ್ಯಸಂಗೀತದಿಂದ ತೆಗೆದದ್ದು. ಅದರ ಹೆಸರು 'ಬಾಂಬೆ ಕಾಲಿಂಗ್'. ಮೂಲದಲ್ಲಿ ಪಿಟೀಲು, ಚುರುಕು ನಡೆ. ಲಾರ್ಡ್ ಅದನ್ನು ನಿಧಾನ ಮಾಡಿ ಆರ್ಗನ್ನಿಗೆ ತಂದರು. ಗಿಲನ್ ಅದರ ಮೇಲೆ ಶೀತಲ ಸಮರದ ಭಯದ ಹಾಡು ಕಟ್ಟಿದರು. ಎರಡನ್ನೂ ಕೇಳಿದರೆ ಎರಡೂ ಬೇರೆ ಬೇರೆ ಕಾರಣಕ್ಕೆ ಚೆನ್ನಾಗಿವೆ. ಆದರೆ ಮೂಲದವರ ಹೆಸರು ರೆಕಾರ್ಡ್ ಮೇಲೆ ಇರಬೇಕಿತ್ತು ಅಂತಲೇ ನನ್ನ ನಿಲುವು.

---

ಪಿಯುಸಿ ಗಿಟಾರಿಸ್ಟ್

ಈಗ ಅವರು ಇದ್ದಾರಾ? ಇಷ್ಟು ಓದಿದ ಮೇಲೆ ಎಲ್ಲಿಂದ ಶುರು ಮಾಡಲಿ ಹೇಳಿ.

---

ಹಳೇ ಕ್ಯಾಸೆಟ್

ಬ್ಯಾಂಡ್ ಇದೆ. 1984ರಲ್ಲಿ ಮಾರ್ಕ್ ಟೂ ಐವರೂ ಮತ್ತೆ ಸೇರಿ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಮಾಡಿದರು. ಗಿಲನ್ ಮತ್ತು ಬ್ಲ್ಯಾಕ್‌ಮೋರ್ ಜಗಳ ಮಾತ್ರ ಬಿಡಲಿಲ್ಲ. 1993ರಲ್ಲಿ ಪ್ರವಾಸದ ನಡುವೆಯೇ ಬ್ಲ್ಯಾಕ್‌ಮೋರ್ ಹೊರನಡೆದರು. ಜಪಾನ್ ಕಾರ್ಯಕ್ರಮಕ್ಕೆ ಜೋ ಸಾಟ್ರಿಯಾನಿ ಬಂದು ನಿಂತರು. ಆಮೇಲೆ ಮೋರ್ಸ್ 2022ರ ತನಕ, ಈಗ ಸೈಮನ್ ಮೆಕ್‌ಬ್ರೈಡ್. ಲಾರ್ಡ್ ಜಾಗದಲ್ಲಿ ಡಾನ್ ಐರಿ. ಗಿಲನ್, ಗ್ಲೋವರ್, ಪೇಸ್ ಮೂವರೂ ಇದ್ದಾರೆ, 2024ರಲ್ಲೂ ಹೊಸ ಆಲ್ಬಂ ಬಂತು.

---

ಆರ್ಗನ್‌ಪ್ರಿಯ

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಇವರನ್ನು ಸೇರಿಸಿಕೊಂಡದ್ದು 2016ಕ್ಕೆ. 1993ರಿಂದಲೇ ಅರ್ಹತೆ ಇತ್ತು. ವೇದಿಕೆ ಮೇಲೆ ಅವರನ್ನು ಬರಮಾಡಿಕೊಂಡವರು ಇದೇ ಉಲ್ರಿಕ್. ಅಷ್ಟು ಹೊತ್ತಿಗೆ ಲಾರ್ಡ್ ಇರಲಿಲ್ಲ, 2012ರ ಜುಲೈ 16ಕ್ಕೆ ತೀರಿಕೊಂಡಿದ್ದರು. ಈ ತಡ ನನಗೆ ಇವತ್ತಿಗೂ ಕೋಪ ತರಿಸುತ್ತದೆ.

ತಮ್ಮಾ, ನಿನ್ನ ಪ್ರಶ್ನೆಗೆ: ಮೊದಲು 'ಮೇಡ್ ಇನ್ ಜಪಾನ್' ಪೂರ್ತಿ ಕೇಳು. ಅಲ್ಲಿಂದ 'ಇನ್ ರಾಕ್'ಗೆ ಹೋಗು, ಆಮೇಲೆ 'ಮಷೀನ್ ಹೆಡ್', ಆಮೇಲೆ 'ಬರ್ನ್'. ಇವು ಮುಗಿದ ಮೇಲೆ 1969ರ ಆರ್ಕೆಸ್ಟ್ರಾ ಕಾರ್ಯಕ್ರಮ. ಅದರ ಸ್ವರಪ್ರಸ್ತಾರದ ಹಾಳೆಗಳು 1970ರಲ್ಲೇ ಕಳೆದುಹೋಗಿದ್ದವು. ಮಾರ್ಕೊ ದ ಹುಯ್ ಅನ್ನುವ ಡಚ್ ಸಂಗೀತಗಾರ ಹಳೆಯ ಧ್ವನಿಮುದ್ರಣ ಕೇಳಿ ಕೇಳಿ, ವಾದ್ಯವಾದ್ಯವಾಗಿ ಮತ್ತೆ ಬರೆದರು. ಲಾರ್ಡ್ ಅವರ ಜೊತೆ ಕೂತು ತಿದ್ದಿ, 1999ರಲ್ಲಿ ಅದೇ ಆಲ್ಬರ್ಟ್ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮತ್ತೆ ನುಡಿಸಿದರು. ಎರಡೂ ರೆಕಾರ್ಡಿಂಗ್ ಸಿಗುತ್ತವೆ. ಕೇಳಿ ಬಂದು ಇಲ್ಲೇ ಬರಿ, ನಿನಗೆ ಯಾವುದು ಜಾಸ್ತಿ ಹಿಡಿಸಿತು ಅಂತ.

---

ವೀಣೆ ಕಲಿತವಳು

ಆ ಆರ್ಕೆಸ್ಟ್ರಾದ್ದು ನಾನೂ ಕೇಳುತ್ತೇನೆ. ತಮ್ಮನಿಗೆ ಆರ್ಗನ್ ವಿಷಯ ಹೇಳಿದೆ, ನಂಬಲಿಲ್ಲ. ಈಗ ಹೆಡ್‌ಫೋನ್ ಹಾಕಿಕೊಂಡು 'ಸ್ಮೋಕ್' ಮೊದಲ ಅರ್ಧ ನಿಮಿಷವನ್ನೇ ಮತ್ತೆ ಮತ್ತೆ ಹಾಕುತ್ತಿದ್ದಾನೆ.